ಡಿ ವಿಟಮಿನ್ ಲೇಖನದ ಕೊನೆಯ ಎರಡು ಸಾಲು

ಭಾನುವಾರ ಬೆಳಿಗ್ಗೆ ಮುಂಬಯಿಯ ಭಾಂಡುಪಿನ ನಮ್ಮ ಮನೆಯಲ್ಲಿ ತಂಗಿ ಕಾಲು ಚಾಚಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಬೆಳ್ಳಿಯ ಕಾಲುಚೈನು ಬಾತ ಚರ್ಮದೊಳಗೆ ಹೂತಿತ್ತು. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಬಿದ್ದ ಕುಳಿ ಮೇಲೇಳಲಿಲ್ಲ.

ಅವಳಿಗೆ ಲೂಪಸ್. ದೇಹದ ರಕ್ಷಣೆಗಿರುವ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಎರಡು ವರ್ಷದ ಹಿಂದೆ ಅದು ಮೂತ್ರಪಿಂಡಕ್ಕೆ ಹಬ್ಬಿತ್ತು. ಉರಿಯೂತ ತಗ್ಗಿಸಲು ದಿನವೂ ಸ್ಟೀರಾಯ್ಡ್ ಮಾತ್ರೆ. ಬಿಸಿಲು ತಾಗಿದರೆ ಕಾಯಿಲೆ ಕೆರಳುವುದರಿಂದ ಬಿಸಿಲಿಗೆ ಹೋಗುವಂತಿಲ್ಲ. ಬಿಸಿಲಿಲ್ಲದೆ ಡಿ ವಿಟಮಿನ್ ಕುಸಿದದ್ದಕ್ಕೆ ವಾರಕ್ಕೊಮ್ಮೆ ಹಾಲಿನಲ್ಲಿ ಕದಡಿ ಕುಡಿಯುವ ಪುಡಿ.

ನಾನು ಕನ್ನಡ ದಿನಪತ್ರಿಕೆಯೊಂದರಲ್ಲಿ ಬರಹ ತಿದ್ದುವ ಡೆಸ್ಕಿನಲ್ಲಿದ್ದೇನೆ. ಎರಡು ಕಡೆ ಖಚಿತವಾಗದ ಸಾಲನ್ನು ಪುಟಕ್ಕೆ ಬಿಡುವುದಿಲ್ಲ. ಮನೆಯಲ್ಲಿ ಮಾತ್ರ "ಗುಳಿಗಿ ತಗೊಂಡೇನ?" ಎಂದರೆ "ತಗೊಂಡೆ ಅಕ್ಕಾ" ಎನ್ನುವ ಅವಳ ಮಾತೊಂದೇ ಸಾಕಾಗಿತ್ತು. ಆ ದಿನ ಮನೆ ಹುಡುಕಿದೆ. ಹೊಲಿಗೆ ಡಬ್ಬಿಯಲ್ಲಿ, ದಾರದ ಉಂಡೆಗಳ ಕೆಳಗೆ, ಒಂದು ಮಾತ್ರೆಯನ್ನೂ ಬಿಡಿಸದ ಸ್ಟೀರಾಯ್ಡ್ ಪಟ್ಟಿಗಳು ಸಿಕ್ಕವು.

"ಎಷ್ಟ ದಿನಾ ಆತು ಬಿಟ್ಟು?"

"ಒಂದೂವರಿ ತಿಂಗಳು."

"ದಿನಾ ನನ್ನ ಮುಖಾ ನೋಡಿ ಸುಳ್ಳ ಹೇಳಿದಿ?"

"ನನ್ನ ಮುಖಾ ನೋಡೀಯೇನ ನೀ? ಗುಳಿಗಿ ತಿಂದು ತಿಂದು ಹಿಟ್ಟಿನ ಮುದ್ದಿ ಆಗೇತಿ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯೊಳಗ ಬಸುರಿ ಅಂತ ತಿಳದು ಸೀಟು ಬಿಟ್ಟುಕೊಟ್ರು. ಕುರ್ಲಾ ಬರೂತನಾ ಹೊಟ್ಟಿ ಮ್ಯಾಲೆ ಕೈ ಇಟಗೊಂಡು ಕುಂತೆ."

ನಾನು ನಗಲಿಲ್ಲ. ಅವಳು ಎದ್ದು ಪತ್ರಿಕೆಯಿಂದ ಕತ್ತರಿಸಿ ಡೈರಿಯಲ್ಲಿಟ್ಟಿದ್ದ ತುಣುಕೊಂದನ್ನು ತಂದಳು. "ಪುಡಿ ಒಂದು ವಾರಾನೂ ತಪ್ಪಿಸಿಲ್ಲ, ಅದೊಂದ ಸಾಕು ಅಂತ ತಿಳದಿದ್ದೆ. ನಿಮ್ಮ ಪೇಪರ್‌ನಾಗ ಬಂದದ್ದು ಇದು."

ವೈದ್ಯರೊಬ್ಬರು ಬರೆದ ಲೇಖನ. 'ಲೂಪಸ್ ಉರಿಗೆ ಡಿ ವಿಟಮಿನ್ ತಂಪು' ಎಂಬ ತಲೆಬರಹ ನನ್ನದೇ. ಅದು ಅಚ್ಚಿಗೆ ಹೋಗುವ ಸಂಜೆ ಜಾಹೀರಾತು ಬಂದು ಜಾಗ ಕಿರಿದಾಗಿತ್ತು. ಮುಖ್ಯವಾದದ್ದು ಮೇಲಿರುತ್ತದೆ, ಕೊಯ್ಯುವುದು ಕೆಳಗಿನಿಂದ: ಇದು ಡೆಸ್ಕಿನ ಪಾಠ. ವರದಿಗಾರರು ಹಾಗೆಯೇ ಬರೆಯುತ್ತಾರೆ. ವೈದ್ಯರು ಭರವಸೆಯನ್ನು ಮೊದಲು ಬರೆದು ಎಚ್ಚರಿಕೆಯನ್ನು ಕೊನೆಗಿಟ್ಟಿದ್ದರು. ಪುಡಿ ಕೊರತೆಯನ್ನಷ್ಟೇ ತುಂಬುತ್ತದೆ, ಸ್ಟೀರಾಯ್ಡಿಗೆ ಬದಲಿಯಲ್ಲ. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಆ ಎರಡು ಸಾಲು ತುಣುಕಿನಲ್ಲಿರಲಿಲ್ಲ.

ಲೇಖನದಲ್ಲಿ ಇನ್ನೆರಡು ಸಾಲಿತ್ತೆಂದು ಅವಳಿಗೆ ಹೇಳಿದೆ.

"ಯಾರು ತಗದವ್ರು?"

"ನಾನು."

ಅವಳು ಮೆಂತ್ಯದ ಕಡ್ಡಿಗಳನ್ನು ಒಟ್ಟು ಮಾಡಿದಳು. "ಪೇಪರ್‌ನಾಗ ಜಾಗಾ ಇರಲಿಲ್ಲ, ಖರೆ. ಮನ್ಯಾಗ ನನಗ ಹೇಳಾಕ ಜಾಗಾ ಇರಲಿಲ್ಲೇನ ಅಕ್ಕಾ?"

ಅವಳ ಮಾತು ನಿಜವಾಗಿದ್ದರೂ ನನ್ನ ಸಿಟ್ಟು ಇಳಿಯಲಿಲ್ಲ. ನಲವತ್ತಕ್ಕೂ ಹೆಚ್ಚು ಬೆಳಗು ಅವಳು ಮಾತ್ರೆ ನುಂಗಿದವಳಂತೆ ನನ್ನ ಕಣ್ಣೆದುರೇ ನೀರು ಕುಡಿದು ಲೋಟ ಕೆಳಗಿಟ್ಟಿದ್ದಳು.

ಮರುದಿನ ಅವಳನ್ನು ಆಸ್ಪತ್ರೆಗೆ ಸೇರಿಸಿದೆ. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿತ್ತು. ಮೂರು ದಿನ ಸಲೈನ್‌ನಲ್ಲಿ ಸ್ಟೀರಾಯ್ಡ್ ಕೊಟ್ಟರು. ಕೊನೆಯ ದಿನ ವೈದ್ಯರು ಬಂದಾಗ ತಂಗಿ ನಿದ್ದೆಯಲ್ಲಿದ್ದಳು. ಅವರು ಹೇಳಿದ್ದನ್ನು ನಾನೊಬ್ಬಳೇ ಕೇಳಿಸಿಕೊಂಡೆ.

ಅವಳು ಎದ್ದ ಮೇಲೆ ಹೇಳಿದೆ: "ಬಾವು ಇಳದೈತಿ. ನಾಳೆ ಮನೀಗೆ ಕಳಸ್ತಾರಂತ."

"ಇಷ್ಟ ಹೇಳಿದ್ರೇನ?"

ಉಳಿದದ್ದನ್ನು ಮನೆಗೆ ಹೋದ ಮೇಲೆ ಹೇಳೋಣ ಎಂದುಕೊಂಡಿದ್ದೆ.

"ಕಿಡ್ನಿ ಮೊದಲಿನಂಗ ಆಗ್ತಾವೋ ಇಲ್ಲೋ ಈಗ ಹೇಳಾಕ ಬರೂದಿಲ್ಲಂತ. ತಿಂಗಳು ಹೋಗಬೇಕಂತ."

ಅವಳು ಕೈ ಚಾಚಿ, "ಕೊಡು ಗುಳಿಗಿ" ಎಂದಳು. ಕೊಟ್ಟೆ. ನೀರು ಕುಡಿದು ಲೋಟ ಕೆಳಗಿಟ್ಟಳು. ನಂತರ ನನ್ನ ಕಡೆ ತಿರುಗಿ, ಬಾಯಿ ಅಗಲ ತೆರೆದು, ನಾಲಿಗೆ ಎತ್ತಿ ತೋರಿಸಿದಳು.

ತೋರಿಸೆಂದು ನಾನು ಕೇಳಿರಲಿಲ್ಲ. ಆದರೂ ಬಗ್ಗಿ ನೋಡಿದೆ.