ಅತ್ತೆಯ ಸೊಂಟಕ್ಕೆ ಒದ್ದದ್ದು

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆಂದು ನಮ್ಮ ಕಡೆ ನಂಬುತ್ತಾರೆ. ಅಂಥವರಿಗೆ ಮರಾಠಿಯಲ್ಲಿ ಪಾಯಾಳು ಎಂದು ಹೆಸರು. ಅರವತ್ತರ ದಶಕದ ಮೊದಲಲ್ಲಿ, ನಾನು ಗಡಹಿಂಗ್ಲಜದಿಂದ ಇಚಲಕರಂಜಿಗೆ ಸೊಸೆಯಾಗಿ ಬಂದ ವರ್ಷವೇ, ಅತ್ತೆಯ ಸೊಂಟ ಹಿಡಿಯಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಬಯ್ಯುವುದಕ್ಕೆ ಮಾತ್ರ ಯಾವ ತೊಂದರೆಯೂ ಇರಲಿಲ್ಲ.

ಪಾಯಾಳುವಿಗಾಗಿ ಓಣಿಯೆಲ್ಲ ಹುಡುಕಾಟ ನಡೆದಾಗ, "ನಾನ ಪಾಯಾಳು ಅದೀನ್ರಿ" ಎಂದುಬಿಟ್ಟೆ. ಶುದ್ಧ ಸುಳ್ಳು. ಎಲ್ಲರಂತೆ ತಲೆ ಮುಂದಾಗಿಯೇ ಹುಟ್ಟಿದವಳು ನಾನು. ಆದರೆ ಅತ್ತೆಯನ್ನು ಒದೆಯುವ ಅವಕಾಶ ಎಷ್ಟು ಸೊಸೆಯರಿಗೆ ಸಿಗುತ್ತದೆ?

ಅತ್ತೆ ಗೋಡೆ ಹಿಡಿದು ನಿಂತರು. ಮೊದಲು ಅವರ ಪಾದ ಮುಟ್ಟಿ ನಮಸ್ಕರಿಸಿ, ಆಮೇಲೆ ಸೊಂಟಕ್ಕೆ ಮೂರು ಸಲ ಒದ್ದೆ. ಮೂರನೆಯದು ಸ್ವಲ್ಪ ಜೋರಾಗಿಯೇ ಬಿತ್ತು. ಅಂದು ಬೆಳಿಗ್ಗೆ ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು ಬೈಸಿಕೊಂಡಿದ್ದೆ.

ನಾಲ್ಕು ದಿನಕ್ಕೆ ಅತ್ತೆ ತಾವೇ ಅಂಗಳ ಗುಡಿಸಿದರು. ಸುದ್ದಿ ಹಬ್ಬಿತು. ಪಾಳಿ ಮುಗಿಸಿದ ಮಗ್ಗದ ಕೆಲಸಗಾರರು ಸೊಂಟ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಾಗ ನನಗೆ ದಿಗಿಲಾಯಿತು. ಒಳಗೋಡಿ ಅತ್ತೆಗೆ ನಿಜ ಹೇಳಿದೆ.

"ಗೊತ್ತೈತಿ. ಹೆಣ್ಣ ನೋಡಾಕ ಬಂದಾಗನ ನಿಮ್ಮವ್ವನ್ನ ಎಲ್ಲಾ ಕೇಳೇನಿ," ಎಂದರು.

"ಮತ್ಯಾಕ ಒದಿಸಿಕೊಂಡ್ರಿ, ಅತ್ತೀ?"

"ನಿನಗ ಇನ್ನೂ ಟೊಂಕ ಹಿಡದಿಲ್ಲ. ಹಿಡದಾಗ ಯಾರ ಒದ್ದರೂ ಬ್ಯಾಡ ಅನ್ನೂದಿಲ್ಲ."

ಈಗ ನನಗೆ ಹಿಡಿದಿದೆ. ನಿನ್ನೆ ನನ್ನ ಸೊಸೆ ಬಂದು, ತಾನೂ ಪಾಯಾಳು ಎಂದಳು. ನಾನು ಗೋಡೆ ಹಿಡಿದು ನಿಂತೆ.