ಪಂಪು ನಿಂತ ದಿನ

ಆ ಊರಿನಲ್ಲಿ ಬಾಗಿಲು ತಟ್ಟಬಾರದು ಅನ್ನುವುದು ನನಗೆ ಗೊತ್ತಿರಲಿಲ್ಲ. ತಟ್ಟಿದೆ. ಒಳಗೆ ಪಾತ್ರೆಯೊಂದು ಕೆಳಗೆ ಬಿದ್ದ ಸದ್ದಾಯಿತು. ಬಾಗಿಲು ತೆರೆದ ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತ್ತು. ಕೂಗಬೇಕು, ತಟ್ಟಬಾರದು ಎಂದು ಮೊದಲು ಹೇಳಿ, ಬಾ ಅಂದದ್ದು ಆಮೇಲೆ. ಗಣಿಯೊಳಗೆ ಕುಸಿತದ ಆಚೆ ಸಿಕ್ಕಿಕೊಂಡವರು ಕಬ್ಬಿಣದ ಕೊಳವೆಯನ್ನು ಕಲ್ಲಿನಿಂದ ತಟ್ಟುತ್ತಾರೆ. ಬದುಕಿದ್ದೇವೆ ಎಂದು ಮೇಲಿನವರಿಗೆ ತಿಳಿಸಲು ಅವರಿಗಿರುವ ದಾರಿ ಅದೊಂದೇ. ಹಾಗಾಗಿ ಮೇಲಿನವರು ಬೇರೆ ಯಾವುದಕ್ಕೂ ತಟ್ಟುವುದಿಲ್ಲ. ಗಣಿ ಮುಚ್ಚಿ ಎಷ್ಟೋ ವರ್ಷಗಳಾದವು. ತಟ್ಟಲು ಹೆಚ್ಚು ಬಾಗಿಲುಗಳೂ ಉಳಿದಿಲ್ಲ. ಆದರೂ ಈ ಶಿಸ್ತು ಮಾತ್ರ ಗಟ್ಟಿಯಾಗಿ ಉಳಿದಿದೆ.

ಬಸ್ಸು ಬೆಟ್ಟದ ಅರ್ಧಕ್ಕೇ ನಿಲ್ಲುತ್ತದೆ. ಅಲ್ಲಿಂದ ಮೇಲಕ್ಕೆ ಸಾಮಾನಿನ ಜೀಪಿನಲ್ಲಿ, ಹಿಟ್ಟಿನ ಚೀಲಗಳ ನಡುವೆ ನಾನೂ ಒಂದು ಚೀಲವಾಗಿ ಬಂದಿದ್ದೆ. ಊರೆಂದರೆ ಒಂದೇ ಬೀದಿ. ಎರಡೂ ಕಡೆ ಒಂದೇ ಅಚ್ಚಿನ ಸಾಲುಮನೆಗಳು, ಹೆಚ್ಚಿನವಕ್ಕೆ ಮಾಡಿನ ತಗಡಿಲ್ಲ, ಕಿಟಕಿಯ ಚೌಕಟ್ಟೂ ಇಲ್ಲ. ಸಿನಿಮಾ ಟಾಕೀಸಿನ ಟಿಕೆಟ್ ಕಿಂಡಿಯೊಳಗಿಂದ ಮೇಕೆಯೊಂದು ನನ್ನನ್ನು ನೋಡಿತು. ಬೇಸಿಗೆಯಲ್ಲಿ ಕ್ಯಾಮೆರಾ ಹಿಡಿದವರು ಬರುತ್ತಾರಂತೆ. ಹಾಳುಬಿದ್ದದ್ದು ಫೋಟೋದಲ್ಲಿ ಚೆನ್ನಾಗಿ ಬರುತ್ತದಂತೆ. ನಾನು ಹುಟ್ಟಿದ್ದು ಇದೇ ಬೀದಿಯಲ್ಲಿ. ಏನಾದರೂ ಅನ್ನಿಸೀತು ಎಂದು ಸ್ವಲ್ಪ ಹೊತ್ತು ನಿಂತು ಕಾದೆ. ಏನೂ ಅನ್ನಿಸಲಿಲ್ಲ. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವವಳು ನಾನು. ಮುರಿದದ್ದನ್ನು ತೋರಿಸುವುದು ನನ್ನ ಪಾಲಿನ ಕೆಲಸ, ಅಳುವುದು ಹೊರಗಿನ ಬೆಂಚಿನಲ್ಲಿ ಕೂತವರದು. ಅದೇ ಅಭ್ಯಾಸವಾಗಿಬಿಟ್ಟಿದೆ.

ಕರೆಸಿದ್ದು ಚಿಕ್ಕಪ್ಪ. ನನ್ನ ಅಪ್ಪನ ತಮ್ಮ, ಗಣಿಯ ಪಂಪಿನವನು. ಊರಿನಲ್ಲಿ ಅವನನ್ನು ಎಲ್ಲರೂ ಕಿವಿಯಣ್ಣ ಅನ್ನುತ್ತಿದ್ದರು. ಉದ್ದನೆಯ ಸ್ಪ್ಯಾನರಿನ ಒಂದು ತುದಿಯನ್ನು ಯಂತ್ರಕ್ಕೆ, ಇನ್ನೊಂದನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ, ಯಾವ ಬೇರಿಂಗ್ ಯಾವಾಗ ಕೈಕೊಡುತ್ತದೆ ಎಂದು ಹೇಳುತ್ತಿದ್ದನಂತೆ. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಸ್ಪ್ಯಾನರ್ ಒಯ್ದಿದ್ದ ಎಂದು ತಮಾಷೆ ಮಾಡುತ್ತಿದ್ದರು. ಸುಳ್ಳು, ಜೇಬಿನಲ್ಲಿ ಎಣ್ಣೆ ಬಟ್ಟೆ ಮಾತ್ರ ಇತ್ತು ಎಂದು ಚಿಕ್ಕಮ್ಮ ತಿದ್ದುತ್ತಾಳೆ. ಗಣಿಯ ತಳದಲ್ಲಿ ಸದಾ ನೀರು ಒಸರುತ್ತದೆ. ಅದನ್ನು ಎತ್ತಿ ಹಾಕದಿದ್ದರೆ ಎಲ್ಲ ಮುಳುಗುತ್ತದೆ. ಅಣ್ಣ ಅದಿರು ಒಡೆಯುತ್ತಿದ್ದ, ತಮ್ಮ ಅಣ್ಣನ ಕಾಲು ಒದ್ದೆಯಾಗದಂತೆ ನೋಡಿಕೊಳ್ಳುತ್ತಿದ್ದ. ಇಬ್ಬರೂ ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದರಂತೆ.

ನಾನು ತೊಟ್ಟಿಲಲ್ಲಿದ್ದಾಗ ಕೆಳಗಿನ ಸುರಂಗದ ಮಾಡು ಕುಸಿಯಿತು. ಪಂಪು ಇದ್ದದ್ದು ಕುಸಿತದ ಈಚೆ, ಅಪ್ಪ ಸಿಕ್ಕಿಕೊಂಡದ್ದು ಆಚೆ. ಎರಡೂ ಕಡೆ ಹಾದುಹೋಗುವುದು ಒಂದೇ ಕೊಳವೆ. ಅಗೆಯಲು ಇಳಿದವರ ತಲೆಯ ಮೇಲೂ ಕಲ್ಲು ಉದುರುತ್ತಿತ್ತು. ಆಗ ಕೊಳವೆಯಲ್ಲಿ ಟಕ್ ಟಕ್ ಎಂದು ಕೇಳಿಸಿತು. ಪಂಪು ನಿಲ್ಲಿಸಿ ನೋಡುವಂತಿರಲಿಲ್ಲ, ನಿಂತರೆ ಒಳಗೆ ನೀರು ಏರುತ್ತಿತ್ತು. ಎಂಜಿನಿಯರು ಚಿಕ್ಕಪ್ಪನನ್ನು ಕರೆಸಿ ಇದು ಮನುಷ್ಯನೋ ಪಂಪೋ ಎಂದು ಕೇಳಿದ. ಚಿಕ್ಕಪ್ಪ ಸ್ಪ್ಯಾನರ್ ಇಟ್ಟು ಕೇಳಿದ. ಎತ್ತಿದ ನೀರು ವಾಪಸ್ಸು ಇಳಿಯದಂತೆ ತಡೆಯುವ ವಾಲ್ವ್ ಸವೆದಿತ್ತು, ಪಂಪು ಓಡುವಾಗಲೆಲ್ಲ ಅದು ಬಡಿದುಕೊಳ್ಳುತ್ತಿತ್ತು. ವಾಲ್ವೇ ಅಂದ. ಅಗೆಯುವವರನ್ನು ಮೇಲಕ್ಕೆ ಕರೆದರು.

ಅಮ್ಮ ನಂಬಲಿಲ್ಲ. ಒಡಹುಟ್ಟಿದವನೇ ನನ್ನ ಗಂಡನ ಮೇಲೆ ಮಣ್ಣೆಳೆದ ಎಂದು ಬೀದಿಯಲ್ಲಿ ನಿಂತು ಹೇಳಿ, ನನ್ನನ್ನು ಎತ್ತಿಕೊಂಡು ಬೆಟ್ಟ ಇಳಿದಳು. ಸಾಯುವವರೆಗೂ ಅದೇ ಮಾತು. ಚಿಕ್ಕಪ್ಪ ಮಾತ್ರ ಅಲ್ಲೇ ಉಳಿದ. ಆ ವಾಲ್ವನ್ನು ಬದಲಿಸಲೂ ಇಲ್ಲ. ಹೊಸದು ಬಂದಾಗ ಇದೇ ಚೆನ್ನಾಗಿದೆ ಎಂದು ವಾಪಸ್ಸು ಕಳಿಸಿದನಂತೆ. ಅದು ಬಡಿದುಕೊಳ್ಳುತ್ತಿರುವಷ್ಟು ಕಾಲ, ಬೇಕಾದವರು ಬಂದು ಕೇಳಿಸಿಕೊಳ್ಳಬಹುದಲ್ಲ. ಯಾರೂ ಬರಲಿಲ್ಲ. ಗಣಿ ಮುಚ್ಚಿದ ಮೇಲೂ ಉಳಿದ ನಾಲ್ಕಾರು ಮನೆಗಳ ನೀರಿಗಾಗಿ ಪಂಪು ಓಡುತ್ತಿತ್ತು. ಈಗ ಅವರೂ ಹೊರಟು ನಿಂತಿದ್ದರು. ನಿಲ್ಲಿಸಿ ಎಂದು ಕಂಪನಿ ಹೇಳಿತ್ತು. ನೀನು ಬರುವವರೆಗೆ ನಿಲ್ಲಿಸುವುದಿಲ್ಲ ಎಂದು ಚಿಕ್ಕಪ್ಪ ನನಗೆ ಫೋನಿನಲ್ಲಿ ಹೇಳಿದ್ದ.

ಸಂಜೆ ಅವನು ಮನೆಗೆ ಬಂದಾಗ ಅಮ್ಮನ ಬಾಯಿಂದ ಕೇಳಿದ್ದ ರಾಕ್ಷಸ ಕಾಣಲಿಲ್ಲ. ಕೂದಲು ಉದುರಿದ, ಕಾಲೆಳೆಯುವ ಮುದುಕ. ಎಡಗಿವಿ ಪೂರ್ತಿ ಹೋಗಿದೆ. ಕಿವಿಯಣ್ಣನಿಗೆ ಒಂದೇ ಕಿವಿ ಎಂದು ತಾನೇ ನಕ್ಕ. ಊಟದ ಹೊತ್ತಿನಲ್ಲಿ ನನ್ನ ತಟ್ಟೆಯನ್ನೇ ನೋಡುತ್ತಿದ್ದ, ಅಪ್ಪನೂ ಹೀಗೇ ಅಂಚಿನಿಂದ ತಿನ್ನುತ್ತಿದ್ದ ಅಂದ. ಅಡುಗೆಮನೆಯ ಹಿಂದೆಯೇ ಕೊಳವೆ ಹಾದುಹೋಗುತ್ತದೆ. ನಾವು ಮಾತು ನಿಲ್ಲಿಸಿದಾಗಲೆಲ್ಲ ಟಕ್, ಟಕ್. ಗೋಡೆ ಗಡಿಯಾರದ ಸದ್ದಿಗೆ ಒಗ್ಗಿಹೋದ ಹಾಗೆ ಅವರಿಬ್ಬರೂ ಅದಕ್ಕೆ ಒಗ್ಗಿಹೋಗಿದ್ದರು.

ಬೆಳಿಗ್ಗೆ ಅವನು ಕ್ಷೌರ ಮಾಡಿಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ನನ್ನನ್ನು ಮನೆಯ ಹಿಂದೆ ಕರೆದುಕೊಂಡು ಹೋಗಿ ಕೊಳವೆಯ ಪಕ್ಕ ನಿಲ್ಲಿಸಿದ. ಸ್ವಿಚ್ಚು ಇರುವುದು ಬೀದಿಯ ಆ ತುದಿಯಲ್ಲಿ, ಗಣಿಯ ಬಾಯಿಯ ಹತ್ತಿರ. ನಾನೂ ಅಲ್ಲಿಗೇ ಬರುತ್ತೇನೆ ಅಂದರೆ ಕೇಳಲಿಲ್ಲ.

"ಬೇಡ ಮಗಳೇ. ನನ್ನ ಪಕ್ಕದಲ್ಲಿದ್ರೆ ನಾನೇ ಏನೋ ಕೈಚಳಕ ಮಾಡ್ದೆ ಅಂತ ಆಮೇಲೆ ಅನ್ಸುತ್ತೆ ನಿಂಗೆ. ನೀನು ಇಲ್ಲೇ ಕೈ ಇಟ್ಕೊಂಡಿರು. ಅವತ್ತು ಕೇಳ್ಸಿದ್ದೂ ಇದೇ ಸದ್ದು. ನಾನು ಸ್ವಿಚ್ಚು ಇಳಿಸಿದ ತಕ್ಷಣ ಸದ್ದು ನಿಂತ್ರೆ ವಾಲ್ವು. ನಿಲ್ಲದೇ ಇದ್ರೆ..." ಮುಂದಿನದನ್ನು ಹೇಳದೆ ಹೊರಟುಹೋದ.

ನಾನು ಕೊಳವೆಯ ಮೇಲೆ ಕೈಯಿಟ್ಟು ನಿಂತೆ. ತಣ್ಣಗಿತ್ತು. ಚಿಕ್ಕಮ್ಮ ಒರೆಸಿದ ಪಾತ್ರೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಬಹಳ ಹೊತ್ತಾಯಿತು. ಕೈಯೊಳಗೆ ಒಂದು ಕೊನೆಯ ಪೆಟ್ಟು ಜೋರಾಗಿ ಬಡಿಯಿತು, ಆಮೇಲೆ ಇಲ್ಲ. ಕಿವಿ ತುಂಬುವಷ್ಟು ನಿಶ್ಶಬ್ದ. ಅಂದರೆ ಅಮ್ಮ ಇಡೀ ಜನ್ಮ ತಪ್ಪು ಮನುಷ್ಯನನ್ನು ಶಪಿಸಿದ್ದಳು. ಅದಕ್ಕೂ ನನಗೆ ಏನೂ ಅನ್ನಿಸಲಿಲ್ಲ, ಕೈ ಜೋಮು ಹಿಡಿದಿತ್ತು ಅಷ್ಟೆ.

"ಅಂತೂ ಚಿಕ್ಕಪ್ಪ ಗೆದ್ದ," ಅಂದೆ.

ಚಿಕ್ಕಮ್ಮ ಪೆಟ್ಟಿಗೆಯಿಂದ ತಲೆಯೆತ್ತಲಿಲ್ಲ. ಕೊಳವೆಯಲ್ಲಿ ಇನ್ನೂ ಏನಾದರೂ ಇದೆಯಾ ಎಂದು ಕೇಳಿದಳು. ಇಲ್ಲ ಅಂದೆ. ಅವಳು ಎದ್ದು ಬಂದು ಬೀದಿಯ ಕಡೆ ಒಮ್ಮೆ ಇಣುಕಿ ನೋಡಿ, ಸೆರಗಿಗೆ ಕೈ ಒರೆಸಿಕೊಂಡಳು.

"ಅಗೆಯೋದು ನಿಲ್ಸಿದ ಮಾರನೇ ದಿನ ಇವ್ರು ಮಲಗಿದ್ರು. ಎಷ್ಟೋ ದಿನದ ನಿದ್ದೆ, ಹೆಣ ಬಿದ್ದ ಹಾಗೆ ಬಿದ್ದಿದ್ರು. ಮಧ್ಯಾಹ್ನ ಊರಿಗೂ ಗಣಿಗೂ ಕರೆಂಟು ಹೋಯ್ತು. ನನ್ನ ರೇಡಿಯೋ ನಿಂತೋಯ್ತು." ಅವಳು ಕೊಳವೆಯ ಕಡೆ ಕೈ ತೋರಿಸಿದಳು. "ಇದು ನಿಲ್ಲಲಿಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕರೆಂಟಿಲ್ಲದೆ ಪಂಪು ಓಡುವುದಿಲ್ಲ. ಪಂಪು ಓಡದೆ ವಾಲ್ವ್ ಬಡಿಯುವುದಿಲ್ಲ.

ಅವಳಿಗೆ ಅದು ಆಗ ಹೊಳೆಯಲಿಲ್ಲವಂತೆ. ಹೊಸದಾಗಿ ಮದುವೆಯಾಗಿ ಬಂದವಳು, ಕೊಳವೆ ಅಂದಮೇಲೆ ಸದ್ದು ಮಾಡುತ್ತದೆ ಅಂದುಕೊಂಡಳು. ಬೇರೆಯವರೂ ಕೇಳಿಸಿಕೊಂಡಿರಬೇಕು. ಆದರೆ ಕಿವಿಯಣ್ಣ ವಾಲ್ವ್ ಅಂದಮೇಲೆ ಎಲ್ಲರಿಗೂ ವಾಲ್ವೇ ಕೇಳಿಸಿತು. ಎಷ್ಟೋ ತಿಂಗಳ ನಂತರ ಮೋಟಾರು ಕೆಟ್ಟು ಕೊಳವೆ ಮೌನವಾದಾಗ ಅವಳಿಗೆ ಆ ಮಧ್ಯಾಹ್ನ ನೆನಪಾಯಿತು. ಅಷ್ಟರಲ್ಲಿ ಬದುಕಿಸಿಕೊಳ್ಳಲು ಉಳಿದಿದ್ದವನು ಗಂಡನೊಬ್ಬನೇ, ಅವನು ಬದುಕುತ್ತಿದ್ದದ್ದು ಅವಳು ಹೇಳದಿದ್ದರೆ ಮಾತ್ರ. ಅಂದಿನಿಂದ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಅವನಿಗೆ ಬಡಿಸುತ್ತಾ ಬಂದಿದ್ದಾಳೆ.

"ನೀನು ಅವ್ರ ಮಗಳು. ನಿಂಗೆ ಗೊತ್ತಿರಬೇಕು," ಅಂದಳು. "ಇವ್ರಿಗೆ ಹೇಳೋದೂ ಬಿಡೋದೂ ನಿಂಗೆ ಬಿಟ್ಟಿದ್ದು. ನನ್ನಿಂದ ಆಗಲ್ಲ."

ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಇಷ್ಟು ವರ್ಷ ಹೊತ್ತದ್ದನ್ನು ತಂದು ನನ್ನ ಕೊರಳಿಗೆ ಕಟ್ಟಿದಳಲ್ಲ. ಅಪ್ಪನಿಗಾಗಿ ಅಳು ಬರಬೇಕಿತ್ತು. ಕತ್ತಲಲ್ಲಿ ಕೂತು ಕಲ್ಲು ಹಿಡಿದು ತಟ್ಟುವ ಮನುಷ್ಯನನ್ನು ಕಲ್ಪಿಸಿಕೊಳ್ಳಲು ನೋಡಿದೆ, ಮುಖವೇ ಗೊತ್ತಿಲ್ಲದವನ ಕೈ ಮಾತ್ರ ಕಂಡಿತು. ಅಮ್ಮ ಸರಿಯಾಗಿಯೇ ಹೇಳಿದ್ದಳು ಎಂಬುದು ಕೂಡ ಸುದ್ದಿಪತ್ರಿಕೆಯಲ್ಲಿ ಓದಿದ ಬೇರೆ ಯಾರದೋ ವಿಷಯದ ಹಾಗಿತ್ತು.

ಚಿಕ್ಕಪ್ಪ ಬೀದಿಯಲ್ಲಿ ಬರುತ್ತಿದ್ದ. ಓಡಲಾರದ ಕಾಲಿನಲ್ಲಿ ಓಡುವವನಂತೆ ಬರುತ್ತಿದ್ದ. ಇಸ್ತ್ರಿಯ ಅಂಗಿ ಬೆವರಿ ಬೆನ್ನಿಗೆ ಅಂಟಿತ್ತು. ಹತ್ತಿರ ಬಂದವನಿಗೆ ಉಸಿರು ಸಿಗಲಿಲ್ಲ. ಮೊದಲು ಕೊಳವೆಗೆ ತನ್ನ ಒಳ್ಳೆಯ ಕಿವಿಯನ್ನು ಇಟ್ಟ, ಆಮೇಲೆ ನನ್ನ ಮುಖ ನೋಡಿದ. ಪರೀಕ್ಷೆ ಬರೆದು ಹೊರಬಂದ ಹುಡುಗನ ಮುಖ ಅವನದು.

"ಕೇಳಿಸ್ಕೊಂಡ್ಯಾ? ನಿಂತೋಯ್ತಾ?"

ಚಿಕ್ಕಮ್ಮ ನಮ್ಮಿಬ್ಬರಿಗೂ ಬೆನ್ನು ಹಾಕಿ ಪಾತ್ರೆ ಸುತ್ತತೊಡಗಿದಳು.

"ನಿಂತೋಯ್ತು ಚಿಕ್ಕಪ್ಪ," ಅಂದೆ. "ವಾಲ್ವೇ."

ಅವನು ಅಲ್ಲೇ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಒಳಗೆ ತಟ್ಟುವವರು ಯಾರೂ ಇರಲಿಲ್ಲ ಎಂದು ಅಪ್ಪನ ವಿಷಯದಲ್ಲಿ ಹೇಳಿದವರಲ್ಲಿ ಈಗ ನಾನೂ ಒಬ್ಬಳು. ಚಿಕ್ಕಪ್ಪ ಹೇಳಿದಾಗ ಅವನಿಗೆ ಗೊತ್ತಿರಲಿಲ್ಲ.