ಮಗ್ಗದ ಸದ್ದು ಅಳಿಸಿದ ಮೇಲೆ

ಇಯರ್‌ಫೋನ್ ತೆಗೆದು ಅಜ್ಜಿ ನನ್ನ ಮುಖ ನೋಡಿದರು. "ಯಾಕ್ ಕಣ್ಣೇ, ಅವರು ನನ್ ಮೇಲೆ ಇಷ್ಟು ಕೋಪದಲ್ಲಿ ಕೂಗ್ತವ್ರೆ?"

ಅದು ತೀರಿಕೊಂಡ ತಾತನ ದನಿ. ಸೋಮನೂರಿನ ನಮ್ಮ ಮನೆಯಲ್ಲಿ, ಓಡುವ ವಿದ್ಯುತ್ ಮಗ್ಗದ ಪಕ್ಕ ನಿಂತು ಅವರು ಅಜ್ಜಿಯನ್ನು ಊಟಕ್ಕೆ ಕರೆದದ್ದು ನನ್ನ ಫೋನಿನಲ್ಲಿ ದಾಖಲಾಗಿತ್ತು. ಅವರ ದನಿಯೆಂದು ಉಳಿದಿರುವುದು ಅಷ್ಟೇ. ಗದ್ದಲದಲ್ಲಿ ಮಾತು ತಿಳಿಯುತ್ತಿರಲಿಲ್ಲ. ನಾನು ಬಳಸುವ ಉಚಿತ ಧ್ವನಿ ತಂತ್ರಾಂಶದ ಹೊಸ ಆವೃತ್ತಿ ಹಿನ್ನೆಲೆಯ ಸದ್ದನ್ನು ಮೊದಲಿಗಿಂತ ಚೆನ್ನಾಗಿ ತೆಗೆಯುತ್ತದೆ ಎಂದು ಓದಿ, ಮಗ್ಗದ ಸದ್ದನ್ನು ಪೂರ್ತಿ ಅಳಿಸಿದ್ದೆ. ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು.

"ಕೋಪ ಇಲ್ಲ ಅಜ್ಜಿ, ತರಿ ಸದ್ದು ನಾನೇ ತೆಗೆದೆ" ಎಂದೆ. ಮಗ್ಗಕ್ಕೆ ನಮ್ಮ ಮನೆಮಾತಿನಲ್ಲಿ ತರಿ ಎನ್ನುತ್ತೇವೆ.

ಅಜ್ಜಿ ಫೋನನ್ನು ನನ್ನ ಕಡೆ ಸರಿಸಿದರು. "ತರಿ ಓಡುವಾಗ ಎಲ್ಲಾರೂ ಹಂಗೇ ಕೂಗೋದು. ಅದ ತೆಗೆದ್ರೆ ಬೈದಂಗೆ ಇರ್ತದೆ. ತರಿ ಇರೋದೇ ಹಾಕು."

ಹಳೆಯ ಧ್ವನಿಯನ್ನೇ ಹಾಕಿದೆ. ಅಜ್ಜಿ ಕಣ್ಣು ಮುಚ್ಚಿ ಕೇಳಿದರು. ಆಮೇಲೆ, ಆ ಸದ್ದನ್ನೂ ಮೀರಿಸುವಂತೆ ಜೋರಾಗಿ ಕೂಗಿದರು: "ಇರಿ, ಬಂದೆ!"

ತಂತ್ರಾಂಶ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಆ ಸ್ವಚ್ಛವಾದ ಪ್ರತಿ ಇನ್ನೂ ನನ್ನ ಬಳಿಯಿದೆ. ನಾನು ಅದನ್ನು ಕೇಳುವುದಿಲ್ಲ.